ಬೀಟೆ ಉಳೀಬೇಕಾ? ಹಾಗಾದ್ರೆ ಕಡಿಯೋಕೆ ಬಿಡಿ!

ಶೀರ್ಷಿಕೆ ನೋಡಿ ಬೈಕೋಬೇಡಿ, ಪೂರ್ತಿ ಓದಿ ಆಮೇಲೆ ಬೈಯಿರಿ :-)

ಯಲಹಂಕದ ನಮ್ಮ ಬೀದಿಯಲ್ಲೇ ಮೂರು ಗಿಟಾರ್ ಕ್ಲಾಸುಗಳಿವೆ. ಅಲ್ಲಿನ ಹುಡುಗರಿಗೆಲ್ಲ 'ರೋಸ್‌ವುಡ್' ಗೊತ್ತು. ಅದು ನಮ್ಮ ಮಲೆನಾಡಿನ ಬೀಟೆ ಅಂತ ಎಷ್ಟು ಜನಕ್ಕೆ ಗೊತ್ತು? ಬ್ರೆಜಿಲ್‌ನ ರೋಸ್‌ವುಡ್ ಸಿಗೋದು ಕಷ್ಟವಾದ ಮೇಲೆ ಒಳ್ಳೆ ಗಿಟಾರುಗಳ ಬೆನ್ನು, ಪಕ್ಕೆಗಳಿಗೆ ಬಂದಿದ್ದು ನಮ್ಮ ಬೀಟೆ. ಪಿಟೀಲಿನ ಬಿರಡೆಗೂ ಇದನ್ನು ಬಳಸ್ತಾರೆ. ಇವತ್ತು ಐಯುಸಿಎನ್ ಕೆಂಪುಪಟ್ಟಿಯಲ್ಲಿ ಬೀಟೆಯ ಹೆಸರೂ ಇದೆ.

2017ರ ಜನವರಿಯಿಂದ ಬೀಟೆ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿತು. ವಾದ್ಯ ತಯಾರಕರು ಪರ್ಮಿಟ್ಟುಗಳ ಕಾಟ ಅಂತ ಗೋಳಾಡಿದ್ರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ತು. ಸರಿ, ವಾದ್ಯ ಬಚಾವಾಯ್ತು. ಮರ?

ನಮ್ಮ ವೀಣೆಯನ್ನೇ ನೋಡಿ. ಅದು ಹಲಸಿನ ಮರದ್ದು. ಯಲಹಂಕ ದಾಟಿ ದೊಡ್ಡಬಳ್ಳಾಪುರದ ತೂಬಗೆರೆ ಕಡೆ ಹೋದ್ರೆ ಹಲಸು ಇನ್ನೂ ನಿಂತಿದೆ. ಯಾಕೆ? ಹಣ್ಣು ರೈತನದ್ದು, ಅದಕ್ಕೇ. ಬೀಟೆಯಲ್ಲಿ ತಿನ್ನೋಕೆ ಏನೂ ಇಲ್ಲ. ಕಡಿಯೋಕೆ ಅನುಮತಿ, ಸಾಗಿಸೋಕೆ ಅನುಮತಿ. ದಶಕಗಟ್ಟಲೆ ಕಾದ ಮೇಲೆ ಕೈಗೆ ಸಿಗುತ್ತೋ ಇಲ್ವೋ ಅನ್ನೋ ಮರವನ್ನ ಯಾರು ನೆಡ್ತಾರೆ ಹೇಳಿ?

ಶ್ರೀಗಂಧದ ಕಥೆಯೂ ಹೀಗೇ ಇತ್ತು. ನಿಮ್ಮ ಹಿತ್ತಲಲ್ಲೇ ಹುಟ್ಟಿದ್ರೂ ಅದು ಸರ್ಕಾರದ್ದು! 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಬೆಳೆದವನೇ ಒಡೆಯ ಅಂದ್ರು. ಆಮೇಲೆ ರೈತರು ಹೊಲದಲ್ಲೇ ಗಂಧ ನೆಡೋಕೆ ಶುರು ಮಾಡಿದ್ರು. ಕಳ್ಳರ ಕಾಟ ಇದೆ, ಆದ್ರೂ ನೆಡ್ತಿದಾರೆ.

ಬೀಟೆಗೂ ಇದೇ ಆಗಲಿ ಅನ್ನೋದು ನನ್ನ ವಾದ. ಕಾಡಿನ ಮರ ಮುಟ್ಟೋದು ಬೇಡ್ವೇ ಬೇಡ. ಆದ್ರೆ ರೈತ ನೆಟ್ಟ ಸಸಿಯನ್ನ ನೆಟ್ಟ ವರ್ಷದ ಸಮೇತ ಪಹಣಿಗೆ ಹತ್ತಿಸಿ, ಮುಂದೆ ಕಡಿಯೋ ಹಕ್ಕನ್ನ ಅವತ್ತೇ ಬರೆದುಕೊಡಿ. ನಮ್ಮ 'ಭೂಮಿ' ತಂತ್ರಾಂಶದಲ್ಲಿ ಕೋಟ್ಯಂತರ ದಾಖಲೆ ಇವೆ, ಇನ್ನೊಂದು ಕಾಲಂ ಭಾರವೇ?

"ಅದೇ ನೆಪದಲ್ಲಿ ಕಾಡಿನ ಬೀಟೆ ಸಾಗಿಸ್ತಾರೆ" ಅಂತೀರಿ. ನಿಜವಾದ ಭಯವೇ. ಅದಕ್ಕೇ ವರ್ಷ ದಾಖಲಾಗಬೇಕು ಅಂದಿದ್ದು. ಹತ್ತು ವರ್ಷದ ಗಿಡದ ಹೆಸರಲ್ಲಿ ತಬ್ಬಿದರೂ ಕೈಗೆ ಸಿಗದ ದಿಮ್ಮಿ ದಾಟಿಸೋಕಾಗಲ್ಲ. ಮರದ ಜಾತಿ ಅನುಮಾನವಾದ್ರೆ ಗುರುತಿಸೋಕೆ ಯಶವಂತಪುರದ ಪಕ್ಕ, ಮಲ್ಲೇಶ್ವರದ 18ನೇ ಕ್ರಾಸಿನಲ್ಲೇ ಕೇಂದ್ರದ ಮರ ವಿಜ್ಞಾನ ಸಂಸ್ಥೆ ಇದೆ.

ಬೀಟೆಗೆ ಕಾವಲುಗಾರರು ಬೇಕು, ಒಪ್ತೀನಿ. ಜೊತೆಗೆ ನೆಡೋರೂ ಬೇಕಲ್ವಾ? ಮಲೆನಾಡಿನ ಬ್ಲಾಗಿಗರೇ, ನಿಮ್ಮ ತೋಟದಲ್ಲಿ ಯಾರಾದ್ರೂ ಬೀಟೆ ನೆಟ್ಟಿದ್ದಾರಾ? ಕಾಮೆಂಟಿಸಿ.