ಕೊಬ್ಬರಿಗೆ ಬೆಲೆ ಬಂದಾಗ ಕೆಲಸ ಬಿಡುವವರ ಲೆಕ್ಕ



ಕಳೆದ ಒಂದು ವರ್ಷದಿಂದ ತುಮಕೂರು ಜಿಲ್ಲೆಯ ತರಬೇತಿ ಹಾಗೂ ಕ್ಷೇತ್ರೋತ್ಸವಗಳಲ್ಲಿ ಕೀಟ, ರೋಗ, ಗೊಬ್ಬರದ ಪ್ರಶ್ನೆಗಳ ನಡುವೆ ಮತ್ತೊಂದು ಪ್ರಶ್ನೆ ಪದೇ ಪದೇ ಎದುರಾಗುತ್ತಿದೆ. ಕೇಳುವವರು ಮೂವತ್ತು–ನಲವತ್ತರ ವಯಸ್ಸಿನವರು. ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿಯ ಕಾರ್ಖಾನೆಗಳಿಗೋ ಬೆಂಗಳೂರಿನ ಪೀಣ್ಯಕ್ಕೋ ನಿತ್ಯ ಹೋಗಿಬರುವ ಗುಬ್ಬಿ, ಕುಣಿಗಲ್ ಕಡೆಯವರು. ಸಭೆ ಮುಗಿದ ಮೇಲೆ ಬದಿಗೆ ಕರೆದು ಕೇಳುತ್ತಾರೆ: "ಸರ್, ಕೆಲಸದಲ್ಲಿ ಮನಸ್ಸಿಲ್ಲ. ಬಿಟ್ಟು ತೋಟ ನೋಡಿಕೊಳ್ಳಲೇ?"

ಈ ಪ್ರಶ್ನೆ ಈಗಲೇ ಏಕೆ ಹೆಚ್ಚಿತು ಎಂಬುದು ಗುಟ್ಟೇನಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು, ರೈತರು ಬೀದಿಗಿಳಿದರು. ಅದೇ ಮಾರುಕಟ್ಟೆಯಲ್ಲಿ 2025ರ ಮಧ್ಯಭಾಗಕ್ಕೆ ದರ 25,000 ರೂಪಾಯಿ ದಾಟಿತು. ಆಗ ಯಾರೂ ಕೆಲಸ ಬಿಡುವ ಮಾತೆತ್ತಲಿಲ್ಲ, ಈಗ ಎತ್ತುತ್ತಿದ್ದಾರೆ. ಮರಗಳು ಮಾತ್ರ ಅವೇ.

ಎರಡು ಎಕರೆಯಲ್ಲಿ ಫಸಲು ಕೊಡುವ ನೂರು ಮರಗಳಿವೆ ಎಂದುಕೊಳ್ಳಿ. ಮರಕ್ಕೆ ಸರಾಸರಿ 80 ಕಾಯಿಯಂತೆ ವರ್ಷಕ್ಕೆ 8,000 ಕಾಯಿ. ಸುಮಾರು 800 ಕಾಯಿಗೆ ಒಂದು ಕ್ವಿಂಟಾಲ್ ಹಿಡಿದರೆ ಹತ್ತು ಕ್ವಿಂಟಾಲ್ ಕೊಬ್ಬರಿ. 25,000 ರೂಪಾಯಿ ದರದಲ್ಲಿ ಎರಡೂವರೆ ಲಕ್ಷ. 2026ರ ಬೆಂಬಲ ಬೆಲೆಯಾದ 12,500 ರೂಪಾಯಿಯಲ್ಲಿ ಒಂದೂಕಾಲು ಲಕ್ಷ. ಕಾಯಿ ಕೀಳುವ, ಸುಲಿಯುವ, ಒಡೆಯುವ ಕೂಲಿಯನ್ನು ಇನ್ನೂ ಕಳೆದಿಲ್ಲ. ತಿಂಗಳಿಗೆ 20,000 ರೂಪಾಯಿ ಸಂಬಳವಿದ್ದರೆ ವರ್ಷಕ್ಕೆ 2.4 ಲಕ್ಷವಾಯಿತು. ಎಂದರೆ 25,000 ರೂಪಾಯಿ ದರದಲ್ಲೂ ತೋಟ ಆ ಸಂಬಳಕ್ಕೆ ಸರಿಸಮ ನಿಲ್ಲುತ್ತದೆಯೇ ಹೊರತು ಅದನ್ನು ಮೀರುವುದಿಲ್ಲ.

ಇಲ್ಲಿ ಬಹುತೇಕರು ಮಾಡುವ ತಪ್ಪೊಂದಿದೆ. ಆ ಎರಡೂವರೆ ಲಕ್ಷ ನೀವು ಕೆಲಸ ಬಿಟ್ಟರೆ ಬರುವ ಹಣವಲ್ಲ. ಕೆಲಸದಲ್ಲಿರುವಾಗಲೇ, ತಂದೆಯವರ ಆರೈಕೆಯಲ್ಲಿ, ಮನೆಗೆ ಬರುತ್ತಿರುವ ಹಣ. ಆದ್ದರಿಂದ ಸಂಬಳವನ್ನು ತೋಟದ ಒಟ್ಟು ಆದಾಯದೊಂದಿಗೆ ಹೋಲಿಸುವುದು ಸರಿಯಲ್ಲ. ನೀವು ಹಗಲೆಲ್ಲ ತೋಟದಲ್ಲಿರುವುದರಿಂದ ಹೆಚ್ಚಾಗಿ ಹುಟ್ಟುವ ಆದಾಯವೆಷ್ಟು ಎಂಬುದನ್ನಷ್ಟೇ ಹೋಲಿಸಬೇಕು. ಉಳಿಯುವ ಕೂಲಿ, ಎರಡು ಹಸುಗಳ ಹಾಲು, ಬಾಳೆ, ಮೆಣಸು ಅಥವಾ ತರಕಾರಿಯ ಅಂತರ ಬೆಳೆ, ಸಕಾಲದಲ್ಲಿ ನೀರು–ಗೊಬ್ಬರ ಕೊಟ್ಟದ್ದರಿಂದ ಸಿಗುವ ಹೆಚ್ಚುವರಿ ಕಾಯಿ, ಇಷ್ಟೂ ಸೇರಿ 2.4 ಲಕ್ಷ ಮುಟ್ಟಬೇಕು. ಎರಡು ಎಕರೆಯಲ್ಲಿ, ನೀರು ಖಚಿತವಿದ್ದರೂ, ಇದು ಸುಲಭವಲ್ಲ. ಐದಾರು ಎಕರೆ ನೀರಾವರಿಯಿದ್ದು, ನೋಡುವವರಿಲ್ಲದೆ ಕಪ್ಪುತಲೆ ಹುಳುವಿಗೂ ಬಿಳಿನೊಣಕ್ಕೂ ತೋಟ ಸೊರಗುತ್ತಿದ್ದರೆ ಲೆಕ್ಕವೇ ಬೇರೆ. ಅಂಥವರಿಗೆ ಬಿಡಿ ಎಂದೇ ಹೇಳುತ್ತೇನೆ, ಹೇಳಿದ್ದೇನೆ.

ಅವರೂ ಮರದ ಕಾಲಮಾನವನ್ನು ಅರಿತಿರಬೇಕು. ತೆಂಗಿನ ಹೊಂಬಾಳೆಯ ಮೊಳಕೆ ಸುಳಿಯೊಳಗೆ ಮೂಡಿ ಹೊರಬರಲು ಎರಡೂವರೆ ವರ್ಷ ಹಿಡಿಯುತ್ತದೆ. ಆ ಬಳಿಕ ಕಾಯಿ ಬಲಿಯಲು ಸುಮಾರು ಒಂದು ವರ್ಷ. ಬಲಿತ ಕಾಯಿ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾಗಲು ಮತ್ತೆ ಎಂಟು–ಹತ್ತು ತಿಂಗಳು. ರಾಜೀನಾಮೆ ಕೊಟ್ಟ ಮರುದಿನ ಬುಡಕ್ಕೆ ಹಾಕಿದ ಗೊಬ್ಬರದ ಪೂರ್ಣ ಫಲ ಹಣವಾಗಿ ಕೈಸೇರುವ ವೇಳೆಗೆ ನಾಲ್ಕು ವರ್ಷ ಕಳೆದಿರುತ್ತದೆ. ಆಗಿನ ದರವನ್ನು ಈಗ ಹೇಳಬಲ್ಲವರಿಲ್ಲ. ಆ ನಾಲ್ಕು ವರ್ಷ ಮಕ್ಕಳ ಶುಲ್ಕ, ತಂದೆ–ತಾಯಿಯ ಔಷಧ ಎಲ್ಲಿಂದ?

ನೀರಿನ ವಿಷಯದಲ್ಲಿ ಒಂದೇ ಮಾತು: ಕೊಳವೆಬಾವಿಯನ್ನು ಏಪ್ರಿಲ್–ಮೇ ತಿಂಗಳಿನಲ್ಲಿ ಅಳೆಯಿರಿ, ಅಕ್ಟೋಬರ್‌ನಲ್ಲಿ ಅಲ್ಲ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿಚಾರದಲ್ಲಿ ಕುಣಿಗಲ್ ಕಡೆಯವರಿಗೆ ಭರವಸೆಯಿದೆ, ಗುಬ್ಬಿ ಕಡೆಯವರಿಗೆ ಆತಂಕವಿದೆ. 2025ರಲ್ಲಿ ದೊಡ್ಡ ಪ್ರತಿಭಟನೆಯೂ ನಡೆಯಿತು. ಅದರ ಸರಿ–ತಪ್ಪು ಈ ಲೇಖನದ ವಿಷಯವಲ್ಲ. ಇನ್ನೂ ಹರಿಯದ ನೀರನ್ನು ನಂಬಿ ಹರಿದುಬರುತ್ತಿರುವ ಸಂಬಳ ಬಿಡುವುದು ಬೇಡ ಎಂಬುದಷ್ಟೇ ನನ್ನ ಸಲಹೆ.

ಹಾಗೆಂದು ಬೇಸರವನ್ನು ಕಡೆಗಣಿಸುವವನು ನಾನಲ್ಲ. ಪಿಎಚ್.ಡಿ.ಗೆ ಮುನ್ನ ಗೊಬ್ಬರ ಮಾರುವ ಸಂಸ್ಥೆಯೊಂದರಲ್ಲಿ ಎರಡು ವರ್ಷ ದುಡಿದೆ. ತಿಂಗಳ ಗುರಿ ಮುಟ್ಟಿಸಲು ಬೇಡದ ಚೀಲಗಳನ್ನೂ ರೈತರ ತಲೆಗೆ ಕಟ್ಟಬೇಕಿತ್ತು; ರಾತ್ರಿ ನಿದ್ರೆ ಬರುತ್ತಿರಲಿಲ್ಲ. ಬಿಟ್ಟೆ, ಶಿಷ್ಯವೇತನ ಮಂಜೂರಾದ ಪತ್ರ ಕೈಗೆ ಬಂದ ಮೇಲೆ ಬಿಟ್ಟೆ. ನಿಮ್ಮ ಬೇಸರ ಯಾವುದರ ಮೇಲೆ ಎಂದು ಮೊದಲು ಬಿಡಿಸಿ ನೋಡಿ. ರಾತ್ರಿ ಪಾಳಿಯೇ, ಮೇಲ್ವಿಚಾರಕರ ಬಾಯಿಯೇ, ಪ್ರಯಾಣದಲ್ಲಿ ಸವೆಯುವ ಮೂರು ಗಂಟೆಯೇ? ಇವುಗಳಿಗೆ ಔಷಧ ಬೇರೊಂದು ಕಾರ್ಖಾನೆಯಲ್ಲಿ, ಊರಿಗೆ ಹತ್ತಿರದ ಕೆಲಸದಲ್ಲಿ ಸಿಗಬಹುದು, ತೋಟದಲ್ಲೇ ಸಿಗಬೇಕೆಂದಿಲ್ಲ. ಕೆಲಸವೂ ಶಾಶ್ವತವೇನಲ್ಲ. ತುಮಕೂರಿನ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆಯಲ್ಲಿದ್ದವರನ್ನು ಕೇಳಿ, 2016ರಲ್ಲಿ ಎಚ್.ಎಂ.ಟಿ. ವಾಚಸ್ ಮುಚ್ಚುವ ತೀರ್ಮಾನವಾದಾಗ ಅವರ ಇಷ್ಟಾನಿಷ್ಟದ ಪ್ರಶ್ನೆಯೇ ಬರಲಿಲ್ಲ.

ಬಿಡುವುದೇ ನಿಶ್ಚಯವಾದರೆ ದಿನಾಂಕವನ್ನು ನೋಡಿ ಬಿಡಿ. ಭವಿಷ್ಯ ನಿಧಿಯಡಿ ಮಾಸಿಕ ಪಿಂಚಣಿಗೆ ಹತ್ತು ವರ್ಷ ಸೇವೆ ಬೇಕು. ಕಾಯಂ ನೌಕರರ ಗ್ರಾಚ್ಯುಟಿಗೆ ಐದು ವರ್ಷ. 21 ನವೆಂಬರ್ 2025ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಂತೆ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಸಾಕು. ಪಿಂಚಣಿಯ ಅರ್ಹತೆ ಸಿಗುವ ಮುನ್ನವೇ ಕೋಪದಲ್ಲಿ ಎದ್ದುಬಂದ ಗುಬ್ಬಿ ತಾಲ್ಲೂಕಿನ ಯುವಕರೊಬ್ಬರನ್ನು ಬಲ್ಲೆ. ಇನ್ನಷ್ಟು ಕಾಲ ತಡೆದಿದ್ದರೆ ಆ ಅರ್ಹತೆ ಸಿಗುತ್ತಿತ್ತು.

ಈ ಬೇಸಿಗೆಯಲ್ಲಿ ಹದಿನೈದು ದಿನ ರಜೆ ಹಾಕಿ ತೋಟದಲ್ಲೇ ದುಡಿದು ನೋಡಿ. ಮರಗಳನ್ನು ಎಣಿಸಿ, ಸೊರಗಿದವನ್ನು ಗುರುತು ಮಾಡಿ, ಮಣ್ಣು ಮತ್ತು ನೀರಿನ ಮಾದರಿ ತೆಗೆಯಿರಿ. ಮನೆಯ ಮೂರು ವರ್ಷದ ಖರ್ಚಿನ ಚೀಟಿಯೊಂದಿಗೆ ಅವನ್ನು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹಿರೇಹಳ್ಳಿಯ ಕೇಂದ್ರಕ್ಕೋ ತನ್ನಿ. ತಂದೆಯವರನ್ನೂ ಕರೆತಂದರೆ ಒಳ್ಳೆಯದು. ತೋಟದ ನಿಜವಾದ ಲೆಕ್ಕ ಹೆಚ್ಚಾಗಿ ಅವರ ಬಳಿಯೇ ಇರುತ್ತದೆ.