ಹಳದಿ ದೀಪ ಹೊತ್ತಿದರೆ ಮುಚ್ಚಿಡಬೇಡಿ

ಗೆಳತಿಯರೇ, ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ನಾವು ಸುಮ್ಮನಿರುತ್ತೇವೆಯೇ? ತಕ್ಷಣ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆಗೆದು, ಮನೆಯವರನ್ನೆಲ್ಲ ಕೂಗುತ್ತೇವೆ. ಅದೇ ನಾವು ಓಡಿಸುವ ಕಾರಿನಲ್ಲಿ ಒಂದು ಹಳದಿ ದೀಪ ಹೊತ್ತಿಕೊಂಡರೆ ಮಾತ್ರ ಬಾಯಿ ಬಿಡುವುದಿಲ್ಲ. ಯಾಕೆ ಹೇಳಿ? ‘ನೀ ಹೆಂಗ ಓಡ್ಸಿದಿ ನೋಡು’ ಎನ್ನುವ ಮಾತು ಕೇಳಬೇಕಲ್ಲ, ಅದಕ್ಕೆ!

ನಾನೂ ಹಾಗೇ ಮಾಡಿದೆ. ನಮ್ಮ ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಲ್ಲಿ ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದು ರೂಢಿ. ಭಜ್ಜಿ, ರೊಟ್ಟಿ, ಅಂಬಲಿಯ ಗಡಿಗೆ ಎಲ್ಲ ಹೇರಿಕೊಂಡು ಕಾರು ನಾನೇ ಓಡಿಸಿದೆ. ಕಬ್ಬಿಗೆ ಬಿಟ್ಟ ನೀರು ದಾರಿಗೆ ಹರಿದು ಎರೆಮಣ್ಣು ರಾಡಿಯಾಗಿತ್ತು. ಗಾಲಿ ಗರಗರ ತಿರುಗಿ, ಹೇಗೋ ಆಚೆ ಬಂತು. ಮರುದಿನ ನೋಡಿದರೆ ಮೀಟರ್ ಬೋರ್ಡಿನಲ್ಲಿ ಹಳದಿ ದೀಪ. ಒಂದು ಕಾರಿನ ಚಿತ್ರ, ಅದರ ಕೆಳಗೆ ಹಾವು ಹರಿದಂತೆ ಎರಡು ಗೆರೆ! ಪಕ್ಕದಲ್ಲಿ ಎಬಿಎಸ್ ದೀಪವೂ ಇತ್ತು. ಇವರಿಗೆ ಹೇಳಲಿಲ್ಲ. ಮೂರು ವಾರ ಹಾಗೇ ಓಡಿಸಿದೆ.

ಒಂದು ಸಂಜೆ ಮಗಳನ್ನು ಟ್ಯೂಷನ್‌ನಿಂದ ಕರೆತರುತ್ತಿದ್ದೆ. ಕಬ್ಬಿನ ಟ್ರಾಲಿಯಿಂದ ಉದುರಿದ ರವದಿ ರಸ್ತೆ ತುಂಬಾ ಬಿದ್ದಿತ್ತು. ಎದುರಿಗೆ ಎಮ್ಮೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಗಾಲಿ ಬಿಗಿಹಿಡಿದು ಕಾರು ಜಾರುತ್ತಲೇ ಹೋಯಿತು. ಎಮ್ಮೆಗೆ ಒಂದು ಮೊಳ ಇರುವಾಗ ನಿಂತಿತು. ಮಗಳು ಅಳಲೂ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ದೀಪ ಹೇಳುತ್ತಿದ್ದುದಾದರೂ ಏನು? ಟ್ರ್ಯಾಕ್ಷನ್ ಕಂಟ್ರೋಲ್ ಎಂದರೆ ಗಾಲಿ ಇದ್ದಲ್ಲೇ ತಿರುಗಿ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ. ಪ್ರತಿ ಗಾಲಿಯ ಹತ್ತಿರ ಒಂದು ಪುಟ್ಟ ಸೆನ್ಸರ್ ಕೂತು, ಗಾಲಿ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ. ಒಂದು ಗಾಲಿ ಜಾರಿದರೆ ಕಂಪ್ಯೂಟರ್ ಅದಕ್ಕೆ ತಾನೇ ಬ್ರೇಕ್ ಹಾಕುತ್ತದೆ, ಇಲ್ಲವೇ ಎಂಜಿನ್ನಿನ ಜೋರು ತಗ್ಗಿಸುತ್ತದೆ. ಎಬಿಎಸ್ ಬ್ರೇಕ್ ನಂಬಿಕೊಂಡಿರುವುದೂ ಇದೇ ಸೆನ್ಸರುಗಳನ್ನು. ನಮ್ಮ ದೇಶದಲ್ಲಿ 2018ರ ಏಪ್ರಿಲ್‌ನಿಂದ ಹೊಸ ಮಾದರಿಯ ಕಾರುಗಳಿಗೆ, 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಒಂದು ಸೆನ್ಸರ್ ಸುಮ್ಮನಾದರೆ ಎರಡೂ ದೀಪ ಹೊತ್ತುವುದು ಇದಕ್ಕೇ.

ಹಾಗಾದರೆ ದೀಪ ಕಂಡಾಗ ಏನು ಮಾಡಬೇಕು?

* ಕೀಲಿ ತಿರುಗಿಸಿದಾಗ ಎಲ್ಲ ದೀಪಗಳೂ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಿದರೆ ಚಿಂತೆ ಬೇಡ. ಅದು ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ರೀತಿ.

* ಓಡಿಸುವಾಗ ದೀಪ ಮಿಣುಕಿ ಆರಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದರ್ಥ. ರಸ್ತೆ ಜಾರುತ್ತಿದೆ, ಎಕ್ಸಲರೇಟರ್ ಸಡಿಲಿಸಿ.

* ದೀಪದಲ್ಲಿ ‘ಆಫ್’ ಎಂದಿದ್ದರೆ ಕೈತಾಗಿ ಬಟನ್ ಒತ್ತಿರಬಹುದು. ಮತ್ತೊಮ್ಮೆ ಒತ್ತಿ ನೋಡಿ. ರಾಡಿಯಲ್ಲಿ ಸಿಕ್ಕಿಕೊಂಡಾಗ ಹೊರಬರಲು ಬೇಕೆಂದೇ ಆಫ್ ಮಾಡುವುದುಂಟು. ಹೊರಬಂದ ಮೇಲೆ ಆನ್ ಮಾಡಲು ಮರೆಯಬೇಡಿ.

* ದೀಪ ಹೊತ್ತಿಯೇ ಇದ್ದರೆ ನಾಲ್ಕೂ ಟಯರುಗಳ ಗಾಳಿ ನೋಡಿಸಿ. ಒಂದು ಟಯರಿನ ಅಳತೆ ಬೇರೆ ಇದ್ದರೂ, ಚಿಕ್ಕ ಸ್ಟೆಪ್ನಿ ಹಾಕಿದ್ದರೂ ಆ ಗಾಲಿ ಹೆಚ್ಚು ಇಲ್ಲವೇ ಕಡಿಮೆ ಸುತ್ತು ತಿರುಗಿ ಕಂಪ್ಯೂಟರಿಗೆ ಗೊಂದಲವಾಗಬಹುದು.

* ಗಾಲಿಯ ಒಳಬದಿಗೆ ಮೆತ್ತಿದ ಮಣ್ಣನ್ನು ಸಾದಾ ನೀರಿನಿಂದ ತೊಳೆಯಿರಿ. ತೊಗರಿ, ಜೋಳದ ಚೀಲ ಇಟ್ಟ ಜಾಗದಲ್ಲಿ ಕಾರು ನಿಲ್ಲಿಸುತ್ತೀರಾ? ಇಲಿ ವೈರ್ ಕಡಿದಿದೆಯೋ ನೋಡಿ. ಬ್ಯಾಟರಿ ಸೋತಿದ್ದರೂ ಈ ದೀಪ ಬರಬಹುದು.

* ಎಬಿಎಸ್ ದೀಪವೂ ಜೊತೆಗಿದ್ದರೆ ಮಾಮೂಲಿ ಬ್ರೇಕ್ ಇರುತ್ತದೆ. ಆದರೆ ಜೋರಾಗಿ ಒತ್ತಿದರೆ ನನಗಾದಂತೆ ಗಾಲಿ ಬಿಗಿಹಿಡಿಯುತ್ತದೆ. ನಿಧಾನವಾಗಿ, ಮುಂದಿನ ವಾಹನದಿಂದ ದೂರವಿದ್ದು ಗ್ಯಾರೇಜಿಗೆ ಹೋಗಿ.

* ಕೆಂಪು ಬ್ರೇಕ್ ದೀಪವೂ ಹೊತ್ತಿದೆಯೇ? ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಆರದಿದ್ದರೆ ಓಡಿಸಲೇಬೇಡಿ. ಬದಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಗ್ಯಾರೇಜಿನಲ್ಲಿ ಮೊದಲು ಕೇಳಬೇಕಾದ ಮಾತು ಒಂದೇ, ‘ಸ್ಕ್ಯಾನ್ ಮಾಡಿ ತೋರಿಸ್ರಿ.’ ನಾನು ಮೊದಲು ಹೋದ ಕಡೆ ಬಾನೆಟ್ ಕೂಡ ತೆಗೆಯದೆ, “ಎಬಿಎಸ್ ಯೂನಿಟ್ಟೇ ಹೋಗ್ಯಾದ್ರಿ ಅಕ್ಕೋರೆ, ಬದಲಿ ಮಾಡಬೇಕು” ಎಂದು ಸಾವಿರಗಟ್ಟಲೆ ಲೆಕ್ಕ ಹೇಳಿದರು. ಇನ್ನೊಂದು ಕಡೆ ಹೋದೆ. ಅಲ್ಲಿನ ಹುಡುಗ ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿದ. ಹಿಂದಿನ ಎಡ ಗಾಲಿಯ ಸೆನ್ಸರ್ ಎಂದು ತೋರಿಸಿತು. ಬಿಚ್ಚಿ ನೋಡಿದರೆ ಎರೆಮಣ್ಣು ಒಣಗಿ ಇಟ್ಟಂಗಿಯಾಗಿತ್ತು, ವೈರ್ ಜಗ್ಗಿ ಹರಿದಿತ್ತು. ಸ್ವಚ್ಛ ಮಾಡಿ, ವೈರ್ ಸರಿಪಡಿಸಿ, ಓಡಿಸಿ ತೋರಿಸಿದ. ಬಿಲ್ಲು ನಾಲ್ಕು ನೂರು ರೂಪಾಯಿ! ಸೆನ್ಸರ್ ಬದಲಿಸಲೇಬೇಕು ಎಂದರೆ ವೈರ್ ಮತ್ತು ಕನೆಕ್ಟರ್ ಪರೀಕ್ಷಿಸಿದ್ದೀರಾ ಎಂದು ಕೇಳಿ, ಹಳೆಯದನ್ನು ವಾಪಸ್ ಪಡೆಯಿರಿ. ದೀಪವನ್ನು ಅಳಿಸಿ ಕೊಟ್ಟರೆ ರಿಪೇರಿ ಆದಂತಲ್ಲ. ಕಾರಣ ಹಾಗೇ ಉಳಿದಿದ್ದರೆ ಅದು ಮತ್ತೆ ಹೊತ್ತುತ್ತದೆ.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಬೈಗುಳ ಕಾದಿದ್ದೆ. “ಮೊದಲ ಯಾಕ ಹೇಳಲಿಲ್ಲ?” ಎಂದಷ್ಟೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಮನೆಯವರಲ್ಲಿಯೂ ಒಂದು ವಿನಂತಿ. ದೀಪ ಹೊತ್ತಿದೆ ಎಂದು ಅವಳು ಹೇಳಿದಾಗ ‘ಯಾರು ಮಾಡಿದ್ದು’ ಎಂದು ಕೇಳಬೇಡಿ, ‘ಯಾವ ದೀಪ’ ಎಂದು ಕೇಳಿ. ಗೆಳತಿಯರೇ, ದೀಪ ಹೊತ್ತುವುದು ನಮ್ಮ ತಪ್ಪಲ್ಲ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅದನ್ನು ಮುಚ್ಚಿಟ್ಟರೆ ಮಾತ್ರ ತಪ್ಪು. ಇವತ್ತೇ ನಿಮ್ಮ ಕಾರಿನ ಮೀಟರ್ ಬೋರ್ಡ್ ಒಮ್ಮೆ ನೋಡುತ್ತೀರಲ್ಲ?