ಅಕ್ಷರ ಕಲಿಸುವವರೂ ಕೂಡಿ ಕಲಿಯಲಿ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ 75.36, ಮಹಿಳೆಯರದು ಶೇ 68.08. ಯಾದಗಿರಿ ಜಿಲ್ಲೆಯಲ್ಲಿ ಓದು ಬಲ್ಲವರು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. 2009ರಲ್ಲಿ ಶುರುವಾದ ವಯಸ್ಕರ ಶಿಕ್ಷಣ ಯೋಜನೆ ‘ಸಾಕ್ಷರ ಭಾರತ’ದಲ್ಲಿ ಕಲಿಕಾ ಕೇಂದ್ರ ನಡೆಸುವ ಪ್ರೇರಕರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನವಾದರೂ ಇತ್ತು. ಅದು 2018ರ ಮಾರ್ಚ್‌ಗೆ ನಿಂತುಹೋಯಿತು. ಈಗಿನ ‘ಉಲ್ಲಾಸ್’ ಯೋಜನೆ ವರ್ಷಕ್ಕೆ ಒಂದು ಕೋಟಿ ಜನರಿಗೆ ಅಕ್ಷರ ಕಲಿಸುವ ಗುರಿ ಇಟ್ಟುಕೊಂಡು, ಸಂಬಳವಿಲ್ಲದ ಸ್ವಯಂಸೇವಕರನ್ನೇ ನೆಚ್ಚಿದೆ. ಇಷ್ಟು ದೊಡ್ಡ ಹೊರೆ ಹೊತ್ತವರಿಗೆ ಆರಂಭದ ತರಬೇತಿ, ಕೈಯಲ್ಲೊಂದು ಪ್ರೈಮರ್, ಮೊಬೈಲಿನಲ್ಲಿ ನಾಲ್ಕು ವಿಡಿಯೊ ಸಾಲವು. ಅಕ್ಕಪಕ್ಕದ ಊರುಗಳ ಬೋಧಕರು ತಿಂಗಳಿಗೊಮ್ಮೆ ಒಟ್ಟಿಗೆ ಕೂತು ತಮ್ಮ ಪಾಠದ ತೊಡಕುಗಳನ್ನು ಬಿಡಿಸಿಕೊಳ್ಳುವ ವ್ಯವಸ್ಥೆ ಬೇಕು.

ವಯಸ್ಕರ ತೊಡಕುಗಳೇ ಬೇರೆ. ಬಸ್ಸಿನ ಬೋರ್ಡಿನ ಮೇಲಿನ ‘ಧರ್ಮಸ್ಥಳ’ವನ್ನೇ ನೋಡಿ. ವರ್ಣಮಾಲೆ ಪೂರ್ತಿ ಬರುವವರೂ ಇಲ್ಲಿ ಎಡವುತ್ತಾರೆ: ನಾಲಿಗೆಗೆ ಮೊದಲು ಬರುವ ರಕಾರ, ಬರಹದಲ್ಲಿ ಮಕಾರದ ಬೆನ್ನಿಗೆ ಅರ್ಕಾವೊತ್ತಾಗಿ ನಿಂತಿದೆ, ಮುಂದೆ ಸಕಾರದ ಕೆಳಗೆ ಇನ್ನೊಂದು ಒತ್ತು. ಚಿಕ್ಕಂದಿನಲ್ಲೇ ಓದು ಕಲಿತ ಬೋಧಕರಿಗೆ ಇದೊಂದು ಕಷ್ಟವೆಂದೇ ಹೊಳೆಯುವುದಿಲ್ಲ. ನಲವತ್ತೈದು ದಾಟಿದ ಹೆಂಗಸು ಅಕ್ಷರ ತಪ್ಪಿದರೆ ಅದು ದಡ್ಡತನವಲ್ಲ, ಚಾಳೀಸು ಇರಬಹುದು. ನಾಟಿ, ಕೊಯ್ಲಿನ ಕಾಲಕ್ಕೆ ಕೇಂದ್ರ ಖಾಲಿಯಾದರೆ ಅದು ಅನಾಸಕ್ತಿಯೂ ಅಲ್ಲ. ಒಬ್ಬೊಬ್ಬರೇ ಇದ್ದರೆ ಪ್ರತಿ ಬೋಧಕರೂ ಇದನ್ನೆಲ್ಲ ಮೊದಲಿನಿಂದ ಕಂಡುಕೊಳ್ಳಬೇಕು. ಎಷ್ಟೋ ಮಂದಿ ಅದಕ್ಕೂ ಮುಂಚೆಯೇ ಕೈಚೆಲ್ಲುತ್ತಾರೆ.

ಕೂಡಿ ಕಲಿಯುವುದರ ಫಲವನ್ನು ನಮ್ಮ ರಾಜ್ಯ ಕಂಡಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲಾ ಶಿಕ್ಷಕರು ರಿಷಿ ವ್ಯಾಲಿ ಶಾಲೆಯ ಕಲಿಕಾ ಕಾರ್ಡು ಪದ್ಧತಿ ನೋಡಿಬಂದು, ತಾವೇ ಚರ್ಚಿಸಿ ನಮ್ಮ ಮಕ್ಕಳಿಗೆ ಒಗ್ಗಿಸಿದ್ದರಿಂದ ‘ನಲಿ-ಕಲಿ’ ಹುಟ್ಟಿತು. ಅವರು ಸಂಬಳ ಪಡೆಯುವ ಶಿಕ್ಷಕರು, ಪುಕ್ಕಟೆ ದುಡಿಯುವವರಿಂದ ಇನ್ನಷ್ಟು ಸಮಯ ಕೇಳುವುದು ಅನ್ಯಾಯ ಎಂಬ ಆಕ್ಷೇಪ ಸರಿಯಾದದ್ದೇ. ಆದ್ದರಿಂದಲೇ ಸಭೆಗೆ ಬರುವವರಿಗೆ ಬಸ್ ಚಾರ್ಜು, ಊಟ, ಆ ದಿನದ ಭತ್ಯೆ ಕೊಡಬೇಕು. ವಿಡಿಯೊ ಇರುವಾಗ ಸಭೆ ಏಕೆ ಎನ್ನುವವರೂ ಇದ್ದಾರೆ. ವಿಡಿಯೊ ಪಾಠ ಹೇಳೀತು, ನಿಮ್ಮ ಕೇಂದ್ರದಲ್ಲಿ ಏನಾಯಿತೆಂದು ಕೇಳಲಾರದು.

ಸಭೆಗಳೆಲ್ಲ ಕೊನೆಗೆ ಅಂಕಿಅಂಶ ಒಪ್ಪಿಸುವ ಜಾಗವಾಗುತ್ತವೆ ಎಂಬ ಅನುಮಾನ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಶಾಲಾ ಶಿಕ್ಷಕರ ಕ್ಲಸ್ಟರ್ ಸಮಾಲೋಚನಾ ಸಭೆಗಳ ಮೇಲೂ ಇದೇ ದೂರಿದೆ. ಹಾಗಾಗದಿರಲು ನಿಯಮ ಸರಳವಾಗಿರಲಿ: ವರದಿ, ಫೋಟೊ, ಆ್ಯಪ್ ಭರ್ತಿ ಬೇರೆ ದಿನಕ್ಕೆ, ಆ ದಿನದ ವಿಷಯವನ್ನು ಬೋಧಕರೇ ಆರಿಸಲಿ, ಅಧಿಕಾರಿ ಬಂದರೆ ಕೇಳಿಸಿಕೊಳ್ಳಲು ಬರಲಿ. ಕೇಂದ್ರ ತೆರೆಯಲು ಹಣ ಇಡುವ ಲೋಕ ಶಿಕ್ಷಣ ಇಲಾಖೆ, ಕಲಿಸುವವರು ಕೂಡಲೂ ಒಂದಿಷ್ಟು ಎತ್ತಿಡಬೇಕು. ಮೊದಲು ಯಾದಗಿರಿಯಂಥ ಜಿಲ್ಲೆಗಳಲ್ಲೇ ಅದು ಆರಂಭವಾಗಲಿ.